ಎಲ್ಲಿ ನಿಲ್ಲಬೇಕೆಂದು ಡ್ರಿಲ್‌ಗೆ ತಿಳಿಯುವುದು ಹೇಗೆ

ಎಳನೀರು ಕೆತ್ತಿಕೊಡುವವರ ಕೈಯನ್ನು ಹತ್ತಿರದಿಂದ ಗಮನಿಸಿದವರಿಗೆ ಒಂದು ಸಂಗತಿ ಕಂಡಿರುತ್ತದೆ. ಮೊದಲ ಮೂರು ನಾಲ್ಕು ಏಟುಗಳು ಜೋರಾಗಿ ಬಿದ್ದು ಹಸಿರು ಸಿಪ್ಪೆಯೂ ನಾರೂ ಹಾರಿಹೋಗುತ್ತವೆ. ಚಿಪ್ಪು ಹತ್ತಿರವಾದಂತೆ ಏಟು ಹಗುರವಾಗುತ್ತದೆ, ಸದ್ದು ಬದಲಾಗುತ್ತದೆ, ಕೊನೆಗೆ ಮಚ್ಚಿನ ಮೊನೆಯಿಂದ ಒಂದೇ ಒಂದು ಸಣ್ಣ ಕುಕ್ಕು ಬಿದ್ದು, ತೊಟ್ಟು ನೀರೂ ಚೆಲ್ಲದೆ ಬಾಯಿ ತೆರೆದುಕೊಳ್ಳುತ್ತದೆ. ಚಿಪ್ಪಿನ ದಪ್ಪ ಎಷ್ಟೆಂದು ಆ ಕೈ ಅಳೆದು ನೋಡಿಲ್ಲ. ಹಿಡಿಯ ಮೂಲಕ ಅಂಗೈಗೆ ಬಂದ ಅದುರು, ಕಿವಿಗೆ ಬಿದ್ದ ಸದ್ದು, ಕಣ್ಣಿಗೆ ಕಂಡ ಬಿಳುಪು ಮೂರೂ ಸೇರಿ ‘ಇನ್ನು ಸಾಕು’ ಎಂದಿವೆ.

ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಸ್ವಯಂಚಾಲಿತಗೊಳಿಸುವುದೆಂದರೆ ಬಹುಮಟ್ಟಿಗೆ ಈ ‘ಇನ್ನು ಸಾಕು’ ಎಂಬುದನ್ನು ಯಂತ್ರಕ್ಕೆ ಕಲಿಸುವುದು. ಚಲನೆ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಕೂದಲೆಳೆಗಿಂತ ಕಡಿಮೆ ಅಂತರವನ್ನು ಸಾವಿರ ಬಾರಿ ತಪ್ಪದೆ ಚಲಿಸುವ ಮೋಟಾರುಗಳು ಕಾರ್ಖಾನೆಗಳಲ್ಲಿ ದಶಕಗಳಿಂದ ದುಡಿಯುತ್ತಿವೆ. ಆದರೆ ಕಾರ್ಖಾನೆಯ ಲೋಹದ ತುಂಡು ನಕ್ಷೆಯಲ್ಲಿ ಬರೆದಂತೆಯೇ ಇರುತ್ತದೆ, ಕಚ್ಚಿಹಿಡಿದಲ್ಲಿಯೇ ಕೂರುತ್ತದೆ. ದೇಹ ಉಸಿರಾಡುತ್ತದೆ, ಬಾಗುತ್ತದೆ, ಒಬ್ಬರದ್ದು ಇನ್ನೊಬ್ಬರಂತಿರುವುದಿಲ್ಲ, ನಿನ್ನೆಯ ಸ್ಕ್ಯಾನ್‌ನಲ್ಲಿ ಕಂಡಂತೆ ಇಂದೂ ಇರಬೇಕೆಂಬ ನಿಯಮವಿಲ್ಲ. ಆದ್ದರಿಂದ ಯಂತ್ರ ಹೋಗುತ್ತಾ ಹೋಗುತ್ತಲೇ ತಾನು ಎಲ್ಲಿದ್ದೇನೆ, ಏನನ್ನು ಮುಟ್ಟುತ್ತಿದ್ದೇನೆ ಎಂಬುದನ್ನು ಅಳೆದುಕೊಳ್ಳಬೇಕಾಗುತ್ತದೆ. ಆ ಅಳತೆಯ ಕೆಲಸ ಸೆನ್ಸರ್‌ಗಳದ್ದು, ಅಂದರೆ ಸಂವೇದಕಗಳದ್ದು.

ವಿದ್ಯುನ್ಮಾನದ ಸಹಾಯವೇ ಇಲ್ಲದೆ ಈ ಪಾಠ ಕಲಿತ ಒಂದು ಉಪಕರಣ ನರಶಸ್ತ್ರಚಿಕಿತ್ಸೆಯಲ್ಲಿ ಬಹಳ ಕಾಲದಿಂದ ಇದೆ. ತಲೆಬುರುಡೆಯಲ್ಲಿ ರಂಧ್ರ ಕೊರೆಯುವ ಪರ್ಫೊರೇಟರ್ ಎಂಬ ಡ್ರಿಲ್ ತುದಿಯಲ್ಲಿ ಒಂದರೊಳಗೊಂದು ಕೂರುವ ಎರಡು ಅಲಗುಗಳಿರುತ್ತವೆ. ಒಳಗಿನ ಅಲಗನ್ನು ಮೂಳೆಗೆ ಒತ್ತಿಹಿಡಿದಿದ್ದರೆ ಮಾತ್ರ ಅದರ ಕ್ಲಚ್ ಕಚ್ಚಿಕೊಂಡು ಡ್ರಿಲ್ ತಿರುಗುತ್ತದೆ. ಮೂಳೆಯ ಒಳಪದರ ತೂತಾಗಿ ಎದುರಿನ ಒತ್ತಡ ಇಲ್ಲವಾದ ಕ್ಷಣದಲ್ಲಿ ಕ್ಲಚ್ ಬಿಟ್ಟುಕೊಂಡು, ಮಿದುಳಿನ ಹೊದಿಕೆಯನ್ನು ಹರಿಯುವ ಮೊದಲೇ ತಿರುಗಾಟ ನಿಲ್ಲುತ್ತದೆ. ಸ್ಪ್ರಿಂಗೇ ಇಲ್ಲಿ ಸಂವೇದಕ, ಕ್ಲಚ್ಚೇ ತೀರ್ಮಾನ. ಉಪಾಯ ಸರಳವಾಗಿರುವುದರಿಂದಲೇ ಅದರ ಮಿತಿಯೂ ಸ್ಪಷ್ಟ: ಡ್ರಿಲ್ಲನ್ನು ಓರೆಯಾಗಿ ಹಿಡಿದರೆ ಅಥವಾ ಮೂಳೆ ತೀರಾ ತೆಳುವಾಗಿದ್ದರೆ ಕ್ಲಚ್ ಸಕಾಲಕ್ಕೆ ಬಿಡದೆ ಹೋಗಬಹುದು. ಅದಕ್ಕೆ ಗೊತ್ತಿರುವುದು ಒತ್ತಡ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿ. ಒತ್ತಡ ಕಡಿಮೆಯಾಗತೊಡಗಿದೆ ಎಂಬ ಮುನ್ಸೂಚನೆ ಅದಕ್ಕೆ ಸಿಗುವುದಿಲ್ಲ.

ಮುನ್ಸೂಚನೆ ಸಿಗಲೇಬೇಕಾದ ಜಾಗವೊಂದು ನಮ್ಮ ಕಿವಿಯ ಹಿಂದೆ ಇದೆ. ತೀವ್ರ ಕಿವುಡಿರುವವರಿಗೆ, ಸದ್ದನ್ನು ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುವಾಗ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುವ ಒಳಕಿವಿಯ ಕಾಕ್ಲಿಯಾದೊಳಕ್ಕೆ ಎಳೆಯಂಥ ವಿದ್ಯುದ್ವಾರವನ್ನು ತೂರಿಸಬೇಕು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಬಡ ಕುಟುಂಬದ ಮಕ್ಕಳಿಗೆ ಇದನ್ನು ಉಚಿತವಾಗಿ ಅಳವಡಿಸುತ್ತಿರುವುದರಿಂದ, ಆನಂತರದ ಶ್ರವಣ ತರಬೇತಿಗೆಂದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ದಾರಿ ಬಲ್ಲ ತಾಯಂದಿರಿಗೆ ಈ ಸಾಧನದ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಿವಿಯ ಹಿಂದೆ ಅಂಟಿಕೊಂಡ ಗುಂಡು ತಟ್ಟೆ ಎಲ್ಲರಿಗೂ ಕಾಣುತ್ತದೆ. ಆದರೆ ಅದರ ಒಳಭಾಗ ಕಾಕ್ಲಿಯಾವನ್ನು ತಲುಪಲು ಹಿಡಿಯುವ ದಾರಿ ಎಷ್ಟು ಇಕ್ಕಟ್ಟಿನದೆಂಬುದು ಹೊರಗಿನಿಂದ ಊಹೆಗೆ ನಿಲುಕುವುದಿಲ್ಲ.

ಆ ದಾರಿಯಲ್ಲಿ ಎರಡು ನರಗಳ ನಡುವೆ ನುಸುಳಬೇಕು. ಒಂದು ಬದಿಯಲ್ಲಿ ಮುಖದ ಸ್ನಾಯುಗಳನ್ನು ಆಡಿಸುವ ನರವಿದೆ. ಅದಕ್ಕೆ ಪೆಟ್ಟಾದರೆ ಆ ಬದಿಯ ಮುಖವೇ ಜೋತುಬೀಳುತ್ತದೆ. ಇನ್ನೊಂದು ಬದಿಯಲ್ಲಿ ನಾಲಿಗೆಯ ಮುಂಭಾಗದ ರುಚಿಯನ್ನು ಒಯ್ಯುವ ಸಣ್ಣ ನರವಿದೆ. ಎರಡರ ನಡುವಿನ ಸಂದು ಸುಮಾರು 2.5 ಮಿಲಿಮೀಟರ್, ಕೆಲವರಲ್ಲಿ ಇನ್ನೂ ಕಡಿಮೆ. ಸಾಂಪ್ರದಾಯಿಕ ವಿಧಾನದಲ್ಲಿ ಶಸ್ತ್ರಚಿಕಿತ್ಸಕರು ಸೂಕ್ಷ್ಮದರ್ಶಕದಡಿ ಕಿವಿಯ ಹಿಂದಿನ ಮೂಳೆಯನ್ನು ಪದರಪದರವಾಗಿ ಸವೆಸುತ್ತಾ ಹೋಗಿ, ತೆಳುವಾದ ಮೂಳೆಯ ಹಿಂದೆ ನರದ ನೆರಳು ಕಾಣುವವರೆಗೂ ತಲುಪಿ, ಆಮೇಲೆ ಅದರ ಪಕ್ಕದಲ್ಲಿ ದಾರಿ ಬಿಡಿಸುತ್ತಾರೆ. ಅನುಭವಸ್ಥರು ಕಣ್ಣಿನಷ್ಟೇ ಕಿವಿಯನ್ನೂ ನೆಚ್ಚುತ್ತಾರೆ, ಏಕೆಂದರೆ ಮೂಳೆ ತೆಳುವಾಗುತ್ತಾ ಬಂದಂತೆ ವಜ್ರದ ಪುಡಿ ಹೊದ್ದ ಡ್ರಿಲ್ ತುದಿಯ ಸದ್ದು ಬದಲಾಗುತ್ತದೆ. ಎಳನೀರಿನ ಮಚ್ಚಿಗೂ ಇದಕ್ಕೂ ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮತ್ತು ತಪ್ಪಿದರೆ ತೆರಬೇಕಾದ ಬೆಲೆಯಲ್ಲಿ.

ಈ ಕೈಚಳಕದ ಕೊನೆಯ ತುಣುಕನ್ನು, ಅಂದರೆ ಕಾಕ್ಲಿಯಾದ ಗೋಡೆಯಲ್ಲಿ ಸಣ್ಣ ಕಿಂಡಿ ತೆರೆಯುವುದನ್ನು, ಯಂತ್ರಕ್ಕೆ ಒಪ್ಪಿಸಿದ ಮೊದಲಿಗರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಎಂಜಿನಿಯರ್ ಪೀಟರ್ ಬ್ರೆಟ್ ಮತ್ತು ಅವರ ಜೊತೆಗಾರ ವೈದ್ಯರು ಸೇರುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಅವರು ರೂಪಿಸಿದ ಪುಟ್ಟ ಡ್ರಿಲ್‌ನ ಗುರಿ ವಿಚಿತ್ರವಾಗಿತ್ತು: ಮೂಳೆಯನ್ನು ಪೂರ್ತಿ ಕೊರೆಯಬೇಕು, ಆದರೆ ಅದರ ಒಳಮೈಗೆ ಅಂಟಿಕೊಂಡ ತೆಳುಪೊರೆಯನ್ನು ಹರಿಯಬಾರದು. ಪೊರೆ ಉಳಿದರೆ ಕಾಕ್ಲಿಯಾದೊಳಗಿನ ದ್ರವಕ್ಕೆ ಮೂಳೆಯ ಪುಡಿಯಾಗಲಿ ರಕ್ತವಾಗಲಿ ಸೇರುವುದಿಲ್ಲ. ವೈದ್ಯರು ಆಮೇಲೆ ಅದನ್ನು ನಾಜೂಕಾಗಿ ಸೀಳಿಕೊಳ್ಳಬಹುದು.

ಪೊರೆ ಹತ್ತಿರವಾಯಿತೆಂದು ಡ್ರಿಲ್‌ಗೆ ತಿಳಿಸಲು ಅವರು ಎರಡು ಅಳತೆಗಳನ್ನು ಒಟ್ಟಿಗೆ ಹಿಡಿದರು. ಒಂದು, ಮೂಳೆ ಡ್ರಿಲ್ಲನ್ನು ಹಿಂದಕ್ಕೆ ತಳ್ಳುವ ಬಲ. ಇನ್ನೊಂದು, ತುದಿಯನ್ನು ತಿರುಗಿಸಲು ಬೇಕಾಗುವ ತಿರುಚುಬಲ, ಎಂಜಿನಿಯರುಗಳ ಮಾತಿನಲ್ಲಿ ಟಾರ್ಕ್. ಗಟ್ಟಿ ಮೂಳೆಯ ನಡುವೆ ಎರಡೂ ಒಟ್ಟೊಟ್ಟಿಗೆ ಏರುತ್ತವೆ, ಇಳಿಯುತ್ತವೆ. ಎದುರಿನ ಗೋಡೆ ತೆಳುವಾಗಿ ಬಾಗತೊಡಗಿದಾಗ ಮಾತ್ರ ಒಂದು ಅಪರೂಪದ ಜೋಡಿ ಕಾಣಿಸಿಕೊಳ್ಳುತ್ತದೆ: ಹಿಂದಕ್ಕೆ ತಳ್ಳುವ ಬಲ ಇಳಿಯುತ್ತಿರುವಾಗಲೇ ಟಾರ್ಕ್ ಏರುತ್ತದೆ, ಏಕೆಂದರೆ ಮುಂದಿನ ಆಸರೆ ಕುಸಿಯುತ್ತಿದ್ದರೂ ತುದಿಯ ಅಂಚು ಮೂಳೆಯನ್ನು ಇನ್ನಷ್ಟು ಕಚ್ಚಿಕೊಳ್ಳುತ್ತಿರುತ್ತದೆ. ಒಂದೇ ಅಳತೆಯನ್ನು ನೋಡುತ್ತಿದ್ದರೆ ಬಲ ಇಳಿದದ್ದು ಮೂಳೆಯೊಳಗಿನ ಗಾಳಿಗೂಡಿನಿಂದಲೋ ಕೈ ಸಡಿಲವಾದದ್ದರಿಂದಲೋ ಎಂಬ ಅನುಮಾನ ಉಳಿಯುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಹೊರಟಾಗ ಆ ಅನುಮಾನಕ್ಕೆ ಜಾಗ ಕಡಿಮೆ. ತೂತಾದ ಮೇಲೆ ನಿಲ್ಲುವ ಪರ್ಫೊರೇಟರ್‌ಗೂ ತೂತಾಗಲಿದೆಯೆಂದು ಮೊದಲೇ ಅರಿತು ನಿಲ್ಲುವ ಈ ಡ್ರಿಲ್‌ಗೂ ಇರುವ ಅಂತರ ಇಷ್ಟೇ, ಆದರೆ ಇಡೀ ವಿಷಯದ ತಿರುಳೂ ಇದೇ ಎಂದು ನನಗನಿಸುತ್ತದೆ.

ಬಲವನ್ನು ಅಳೆಯುವುದು ಹೇಗೆ? ಬಲವನ್ನು ನೇರವಾಗಿ ಅಳೆಯುವ ಸಾಧನ ಇಲ್ಲವೆಂದೇ ಹೇಳಬೇಕು. ಬಲ ಬಿದ್ದಾಗ ಯಾವುದೋ ಒಂದು ವಸ್ತು ಎಷ್ಟು ಬಾಗಿತು, ಎಷ್ಟು ಹಿಗ್ಗಿತು ಎಂಬುದನ್ನು ನೋಡಿ ಲೆಕ್ಕ ಹಾಕುತ್ತೇವೆ. ಅದಕ್ಕೆ ಎಲ್ಲೆಡೆ ಬಳಕೆಯಲ್ಲಿರುವುದು ಸ್ಟ್ರೇನ್ ಗೇಜ್, ಅಂದರೆ ತೆಳು ಹಾಳೆಯ ಮೇಲೆ ಹಾವಿನಂತೆ ಮಡಿಚಿ ಅಂಟಿಸಿದ ಲೋಹದ ಎಳೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲಿರುವುದೂ ಇದೇ. ಎಳೆ ಹಿಗ್ಗಿದರೆ ಉದ್ದವಾಗಿ ಸಪೂರವಾಗುತ್ತದೆ, ಹಾಗಾಗಿ ಅದರ ವಿದ್ಯುತ್ ರೋಧ ಸ್ವಲ್ಪ ಏರುತ್ತದೆ. ‘ಸ್ವಲ್ಪ’ ಎಂದರೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 120 ಓಮ್ ರೋಧವಿರುವ ಸಾಮಾನ್ಯ ಗೇಜ್, ತನ್ನ ಉದ್ದದ ಹತ್ತು ಸಾವಿರದಲ್ಲೊಂದು ಪಾಲು ಹಿಗ್ಗಿದರೆ, ಅದರ ರೋಧ ಬದಲಾಗುವುದು 0.024 ಓಮ್ ಮಾತ್ರ. ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಲು ನಾಲ್ಕು ರೋಧಗಳನ್ನು ಚೌಕವಾಗಿ ಜೋಡಿಸಿ, ಎರಡು ಬದಿಗಳು ಸರಿಸಮವಾಗಿದ್ದಾಗ ಸೊನ್ನೆ ತೋರಿಸುವಂತೆ ಮಾಡುತ್ತಾರೆ. ಪಿಯುಸಿಯ ಭೌತಶಾಸ್ತ್ರದಲ್ಲಿ ವೀಟ್‌ಸ್ಟನ್ ಬ್ರಿಡ್ಜ್ ಎಂದು ಓದಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಮರೆತ ಜೋಡಣೆಯೇ ಇದು.

ಕಷ್ಟ ಶುರುವಾಗುವುದು ಬಿಸಿಯಿಂದ. ಕೊರೆಯುವಾಗ ಡ್ರಿಲ್ ಬಿಸಿಯಾಗುತ್ತದೆ, ಲೋಹದ ಎಳೆ ಬಿಸಿಗೂ ಹಿಗ್ಗುತ್ತದೆ, ಸಂವೇದಕಕ್ಕೆ ಬಿಸಿಯೂ ಬಲವೂ ಒಂದೇ ರೀತಿ ಕಾಣುತ್ತವೆ. ಈ ಗೊಂದಲ ಇನ್ನಷ್ಟು ಸ್ಪಷ್ಟವಾಗಿ ಕಾಣುವುದು ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಎಂಬ ಬೆಳಕಿನ ಸಂವೇದಕದಲ್ಲಿ. ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯೊಳಗೆ ಸೂಕ್ಷ್ಮ ಗೆರೆಗಳನ್ನು ಮೂಡಿಸಿದರೆ, ಒಂದು ನಿರ್ದಿಷ್ಟ ತರಂಗಾಂತರದ ಬೆಳಕು ಮಾತ್ರ ಹಿಂದಿರುಗುತ್ತದೆ. ಎಳೆ ಹಿಗ್ಗಿದರೆ ಗೆರೆಗಳ ನಡುವಿನ ಅಂತರ ಹೆಚ್ಚಿ ಹಿಂದಿರುಗುವ ಬೆಳಕಿನ ತರಂಗಾಂತರವೂ ಸರಿಯುತ್ತದೆ. 1550 ನ್ಯಾನೊಮೀಟರ್ ಬೆಳಕಿನಲ್ಲಿ, ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ ಸುಮಾರು 1.2 ಪಿಕೊಮೀಟರ್ ಸರಿಯುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 10 ಪಿಕೊಮೀಟರ್. ಅಂದರೆ ಒಂದೇ ಡಿಗ್ರಿ ಬಿಸಿ, ಅಷ್ಟು ಹಿಗ್ಗಿಸುವ ಬಲದ ಎಂಟು ಪಟ್ಟು ಬಲದ ವೇಷ ಹಾಕಿಕೊಂಡು ಬರಬಲ್ಲದು. ಪರಿಹಾರವೆಂದರೆ ಬಲವೇ ಬೀಳದ ಜಾಗದಲ್ಲಿ ಇನ್ನೊಂದು ಎಳೆಯನ್ನಿಟ್ಟು, ಬಿಸಿ ಎಷ್ಟೆಂದು ಅದರಿಂದ ತಿಳಿದು, ಮೊದಲನೆಯದರಿಂದ ಕಳೆಯುವುದು. ಗಾಜಿನ ಎಳೆಯಾದ್ದರಿಂದ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಇದನ್ನು ಕೆಡಿಸುವುದಿಲ್ಲ ಎಂಬುದು ವೈದ್ಯಕೀಯದಲ್ಲಿ ಇದಕ್ಕಿರುವ ದೊಡ್ಡ ಬಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ಗುಂಪು ಇಂಥ ಎಳೆಗಳಿಂದಲೇ ಮಣಿಕಟ್ಟಿನ ನಾಡಿಮಿಡಿತವನ್ನೂ ಅಂಗಾಲಿನ ಒತ್ತಡವನ್ನೂ ದಾಖಲಿಸಿ ತೋರಿಸಿದೆ.

ಕಣ್ಣಿನ ಹಿಂಪರದೆಯ ಶಸ್ತ್ರಚಿಕಿತ್ಸೆಗೆ ಈ ಎಳೆ ಎಷ್ಟು ಅಗತ್ಯವೆಂಬುದಕ್ಕೆ ಒಂದು ಅಂಕಿ ಸಾಕು: ರೆಟಿನಾದ ಮೇಲಿನ ಪೊರೆಯನ್ನು ಸುಲಿಯುವಾಗ ಬೀಳುವ ಬಲ ಬಹುಪಾಲು 7.5 ಮಿಲಿನ್ಯೂಟನ್‌ಗಿಂತ ಕಡಿಮೆ, ಅಂದರೆ ಒಂದು ಗ್ರಾಂ ತೂಕಕ್ಕಿಂತಲೂ ಕಡಿಮೆ. ಇದು ಬೆರಳಿಗೆ ತಿಳಿಯುವುದೇ ಇಲ್ಲ. ಅಲ್ಲಿ ಸಂವೇದಕ ವೈದ್ಯರ ಕೈಯನ್ನು ಅನುಕರಿಸುತ್ತಿಲ್ಲ, ಆ ಕೈಗೆ ಎಂದೂ ಇರದ ಸ್ಪರ್ಶವನ್ನು ಕೊಡುತ್ತಿದೆ.

ಮತ್ತೆ ಕಿವಿಗೆ ಬರೋಣ. ಬರ್ಮಿಂಗ್‌ಹ್ಯಾಮ್‌ನ ಡ್ರಿಲ್ ದಾರಿಯ ಕೊನೆಯ ಗೋಡೆಯನ್ನು ಮಾತ್ರ ನೋಡಿಕೊಂಡಿತು. ಇಡೀ ದಾರಿಯನ್ನೇ ಒಂದೇ ಕೊಳವೆಯಂತೆ ಕೊರೆದು, ಕಿವಿಯ ಹಿಂದಿನಿಂದ ನೇರವಾಗಿ ಕಾಕ್ಲಿಯಾ ತಲುಪುವ ರೋಬಾಟನ್ನು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫಾನ್ ವೆಬರ್ ಅವರ ತಂಡ ಅಲ್ಲಿನ ವೈದ್ಯರೊಂದಿಗೆ ಕಟ್ಟಿತು; ಮನುಷ್ಯರ ಮೇಲೆ ನಡೆದ ಮೊದಲ ಶಸ್ತ್ರಚಿಕಿತ್ಸೆಯ ವಿವರ 2017ರಲ್ಲಿ ಪ್ರಕಟವಾಯಿತು. ಮೋಡದೊಳಗೆ ಹೊರಗಿನದೇನೂ ಕಾಣದೆ ಕೇವಲ ಉಪಕರಣಗಳ ಮುಳ್ಳು ನೋಡಿಕೊಂಡು ವಿಮಾನ ನಡೆಸುವುದಕ್ಕೆ ಅವರು ಇದನ್ನು ಹೋಲಿಸಿಕೊಂಡರು. ಹೋಲಿಕೆ ಸರಿಯಾಗಿಯೇ ಇದೆ, ಏಕೆಂದರೆ ಇಲ್ಲಿ ವೈದ್ಯರು ನರವನ್ನು ಕಣ್ಣಾರೆ ಕಾಣುವುದಿಲ್ಲ.

ಡ್ರಿಲ್‌ನ ದಪ್ಪ 1.8 ಮಿಲಿಮೀಟರ್, ಸಂದಿನ ಅಗಲ 2.5 ಮಿಲಿಮೀಟರ್ ಎಂದಿಟ್ಟುಕೊಂಡರೆ ಉಳಿಯುವ ಜಾಗ 0.7, ಸರಿಯಾಗಿ ನಡುವಿನಲ್ಲೇ ಹೋದರೂ ಎರಡೂ ಬದಿಗೆ 0.35 ಮಿಲಿಮೀಟರ್ ಮಾತ್ರ. ಈ 0.35 ಎಂಬುದು ಉಳಿತಾಯವಲ್ಲ, ಖರ್ಚು ಮಾಡಬಹುದಾದ ಗರಿಷ್ಠ ತಪ್ಪು. ಸ್ಕ್ಯಾನ್‌ನಲ್ಲಿ ಸ್ವಲ್ಪ ತಪ್ಪಿರುತ್ತದೆ, ಡ್ರಿಲ್ಲನ್ನು ಹಿಂಬಾಲಿಸುವ ಕ್ಯಾಮೆರಾದಲ್ಲಿ ಸ್ವಲ್ಪ, ಡ್ರಿಲ್ ಬಾಗುವುದರಿಂದ ಸ್ವಲ್ಪ. ಉದಾಹರಣೆಗೆ ಇವು ಕ್ರಮವಾಗಿ 0.1, 0.2, 0.2 ಮಿಲಿಮೀಟರ್ ಎಂದಾದರೆ, ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳಾದ್ದರಿಂದ ನೇರವಾಗಿ ಕೂಡದೆ, ಪ್ರತಿಯೊಂದರ ವರ್ಗವನ್ನು ಕೂಡಿ ವರ್ಗಮೂಲ ತೆಗೆಯಬೇಕು: ಉತ್ತರ 0.3. ಬಜೆಟ್ಟಿನ ಬಹುಪಾಲು ಅಲ್ಲಿಗೇ ಮುಗಿಯಿತು. ಬಿಸಿಯಿಂದ ನರಕ್ಕೆ ಹಾನಿಯಾಗದಂತೆ ಬಿಡಬೇಕಾದ ಅಂತರವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ಆದ್ದರಿಂದ ಸಂದು ತೀರಾ ಕಿರಿದಾಗಿರುವವರಿಗೆ ಈ ವಿಧಾನ ಬೇಡವೆಂದು ಕೊರೆಯುವ ಮೊದಲೇ, ಸ್ಕ್ಯಾನ್ ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಬರ್ನ್‌ನ ತಂಡ ಕ್ಯಾಮೆರಾವೊಂದನ್ನೇ ನಂಬಲಿಲ್ಲ. ಮೊದಲು ಮೂಳೆಗೆ ಸಣ್ಣ ಸ್ಕ್ರೂಗಳನ್ನು ಕೂರಿಸಿ ಸ್ಕ್ಯಾನ್ ಮಾಡುತ್ತಾರೆ. ಚಿತ್ರದಲ್ಲಿ ಕಂಡ ಸ್ಕ್ರೂಗಳನ್ನೂ ರೋಬಾಟ್ ಮುಟ್ಟಿ ಗುರುತಿಸಿದ ಸ್ಕ್ರೂಗಳನ್ನೂ ಹೊಂದಿಸಿದಾಗ ನಕ್ಷೆಗೂ ನೆಲಕ್ಕೂ ತಾಳೆಯಾಗುತ್ತದೆ, ಸರ್ವೆಯವರು ಗಡಿಕಲ್ಲು ನೋಡಿ ಹೊಲದ ನಕ್ಷೆ ಹೊಂದಿಸಿದಂತೆ. ಆಮೇಲೆ ಕ್ಯಾಮೆರಾ ಡ್ರಿಲ್ಲನ್ನೂ ತಲೆಗೆ ಬಿಗಿದ ಗುರುತನ್ನೂ ಒಟ್ಟಿಗೆ ನೋಡುತ್ತಿರುತ್ತದೆ. ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಕಿವಿಯ ಹಿಂದಿನ ಮೂಳೆ ಜೇನುಗೂಡಿನಂತೆ ಗಾಳಿಯ ಪುಟ್ಟ ಕೋಣೆಗಳಿಂದ ತುಂಬಿರುತ್ತದೆ. ಗೋಡೆ, ಖಾಲಿ, ಗೋಡೆ, ಖಾಲಿ ಎಂಬ ಅದರ ಕ್ರಮ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಅಷ್ಟೇ ಅಲ್ಲ, ಒಂದೇ ಮೂಳೆಯಲ್ಲಿ ಒಂದು ಗೆರೆಗೂ ಅದರ ಪಕ್ಕದ ಗೆರೆಗೂ ಬೇರೆ. ಡ್ರಿಲ್ ಮುಂದುವರಿಯುವಾಗ ಬಲದ ಸಂವೇದಕ ಗಟ್ಟಿ–ಮೆದುವಿನ ಏರಿಳಿತವನ್ನು ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಸ್ಕ್ಯಾನ್‌ನಲ್ಲಿ ಕಾಣುವ ಸಾಂದ್ರತೆಯೊಂದಿಗೆ ಹೋಲಿಸಿ, ಸಾಧ್ಯವಿರುವ ದಾರಿಗಳಲ್ಲಿ ಯಾವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆಂದು ಹುಡುಕುತ್ತದೆ. ದಿನವೂ ಓಡಾಡುವ ರಸ್ತೆಯಲ್ಲಿ, ಕಣ್ಣು ಮುಚ್ಚಿ ಕುಳಿತಿದ್ದರೂ ಬಸ್ಸು ಯಾವ ಗುಂಡಿಗೆ ಇಳಿದು ಎದ್ದಿತೆಂಬುದರಿಂದಲೇ ಊರು ಎಷ್ಟು ದೂರವಿದೆಯೆಂದು ಹೇಳುವ ಪ್ರಯಾಣಿಕನ ಬುದ್ಧಿ ಇದು. ಕ್ಯಾಮೆರಾ ತಪ್ಪಿದರೂ ಈ ಸಾಕ್ಷಿಗೆ ಕ್ಯಾಮೆರಾದ ಹಂಗಿಲ್ಲ.

ಮೂರನೆಯದು ನರವನ್ನೇ ಕೇಳುವ ಸಾಕ್ಷಿ. ಸಂದಿನ ಹತ್ತಿರ ಬಂದ ಮೇಲೆ ಡ್ರಿಲ್ ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಮುಂದುವರಿದು ನಿಲ್ಲುತ್ತದೆ. ತೂತಿನೊಳಕ್ಕೆ ಒಂದು ವಿದ್ಯುತ್ ಸಲಾಕೆಯನ್ನಿಳಿಸಿ ಅಲ್ಪ ವಿದ್ಯುತ್ ಹರಿಸುತ್ತಾರೆ. ಮುಖದ ಸ್ನಾಯುಗಳಿಗೆ ಚುಚ್ಚಿದ ಸೂಜಿಗಳು ಅವು ಮಿಡಿದವೇ ಎಂದು ನೋಡುತ್ತಿರುತ್ತವೆ. ಎಷ್ಟು ಕಡಿಮೆ ವಿದ್ಯುತ್ತಿಗೆ ಸ್ನಾಯು ಮಿಡಿಯಿತೋ ನರ ಅಷ್ಟು ಹತ್ತಿರವಿದೆಯೆಂದು ಅರ್ಥ. ಇವೆಲ್ಲದರ ಜೊತೆಗೆ ನರದ ಪಕ್ಕಕ್ಕೆ ಹೋಗುವ ಮೊದಲು ಮತ್ತೊಂದು ಸ್ಕ್ಯಾನ್ ಮಾಡಿ, ಕೊರೆದ ತೂತು ನಿಜಕ್ಕೂ ಅಂದುಕೊಂಡ ಗೆರೆಯಲ್ಲಿದೆಯೇ ಎಂದು ಕಣ್ಣಾರೆ ನೋಡುತ್ತಾರೆ.

ಸಾಕ್ಷಿಗಳು ಒಪ್ಪದಿದ್ದರೆ? ಯಾವುದು ಸರಿಯೆಂದು ಮತ ಎಣಿಸುವ ಗೋಜಿಗೆ ಹೋಗದೆ ಯಂತ್ರ ನಿಲ್ಲಬೇಕು, ಮುಂದಿನದನ್ನು ವೈದ್ಯರು ಹಳೆಯ ವಿಧಾನದಲ್ಲಿ ಮುಗಿಸಬೇಕು. ಈ ಎಚ್ಚರ ಹೊಸದಲ್ಲ. ಸೊಂಟದ ಕೀಲು ಬದಲಾವಣೆಗೆ ತೊಡೆಮೂಳೆಯನ್ನು ಕೊರೆದ ರೋಬೊಡಾಕ್ ಎಂಬ ಯಂತ್ರವನ್ನು ಅಮೆರಿಕದ ಸ್ಯಾಕ್ರಮೆಂಟೊದಲ್ಲಿ 1992ರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದಾಗಲೂ, ಮೂಳೆ ಕಟ್ಟಿನಿಂದ ಸ್ವಲ್ಪವೇ ಜರುಗಿದರೂ ಸಂವೇದಕವೊಂದು ಗುರುತಿಸಿ ಕೊರೆತವನ್ನು ನಿಲ್ಲಿಸುವ ಏರ್ಪಾಡಿತ್ತು.

ಬಲ ಮತ್ತು ಸ್ಥಾನವನ್ನು ಬಿಟ್ಟರೆ ದೇಹದ ವಿದ್ಯುತ್ ಗುಣವೂ ಒಳ್ಳೆಯ ಸುಳಿವು. ಬೆನ್ನುಮೂಳೆಗೆ ಸ್ಕ್ರೂ ಹಾಕುವ ಮೊದಲು ದಾರಿ ಮಾಡುವ ಪೀಡಿಗಾರ್ಡ್ ಎಂಬ ದಬ್ಬಳದಂಥ ಉಪಕರಣ ತನ್ನ ತುದಿಯಲ್ಲಿ ಸುತ್ತಲಿನ ಅಂಗಾಂಶ ಎಷ್ಟು ವಿದ್ಯುತ್ ಹರಿಯಗೊಡುತ್ತದೆಂದು ಅಳೆಯುತ್ತದೆ. ಗಟ್ಟಿ ಮೂಳೆಯಲ್ಲಿ ವಿದ್ಯುತ್ ಕಡಿಮೆ ಹರಿಯುತ್ತದೆ, ಒಳಗಿನ ಸ್ಪಂಜಿನಂಥ ಮೂಳೆಯಲ್ಲಿ ಹೆಚ್ಚು, ರಕ್ತ ಮತ್ತು ಮೆದು ಅಂಗಾಂಶದಲ್ಲಿ ಇನ್ನೂ ಹೆಚ್ಚು. ಈ ವ್ಯತ್ಯಾಸ ಬೀಪ್ ಸದ್ದಿನ ಏರಿಳಿತವಾಗಿ ಕೇಳಿಸುತ್ತದೆ. ಇಲ್ಲಿ ನಿಲ್ಲುವುದು ಕೈಯೇ.

ಇದೇ ಗುಣವನ್ನು ಪೂರ್ಣ ಸ್ವಯಂಚಾಲಿತವಾಗಿ ಬಳಸುವ ಉಪಕರಣ ನಮ್ಮ ಊರುಗಳ ಆಸ್ಪತ್ರೆಗಳಲ್ಲೂ ದಿನನಿತ್ಯ ಕೆಲಸ ಮಾಡುತ್ತಿದೆ, ಆದರೆ ಅದನ್ನು ಯಾರೂ ರೋಬಾಟ್ ಎನ್ನುವುದಿಲ್ಲ. ಗರ್ಭಕೋಶ ಅಥವಾ ಥೈರಾಯ್ಡ್ ತೆಗೆಯುವಾಗ ರಕ್ತನಾಳಗಳಿಗೆ ದಾರ ಕಟ್ಟುವ ಬದಲು, ಇಕ್ಕಳದಂಥ ಸಾಧನದಿಂದ ಹಿಡಿದು ವಿದ್ಯುತ್ ಹರಿಸಿ ನಾಳದ ಗೋಡೆಗಳನ್ನೇ ಬೆಸೆಯುತ್ತಾರೆ. ಲಿಗಾಶೂರ್‌ನಂಥ ಸಾಧನಗಳಿಂದ 7 ಮಿಲಿಮೀಟರ್ ದಪ್ಪದವರೆಗಿನ ನಾಳವನ್ನು ಹೀಗೆ ಮುಚ್ಚಬಹುದು. ಬೆಸುಗೆ ಹಾಕುತ್ತಿರುವ ಅದೇ ಎರಡು ದವಡೆಗಳು ಅಂಗಾಂಶದ ವಿದ್ಯುತ್ ತಡೆಯನ್ನೂ ಸೆಕೆಂಡಿಗೆ ಸಾವಿರಾರು ಬಾರಿ ಅಳೆಯುತ್ತಿರುತ್ತವೆ. ಬಿಸಿಯಾದಂತೆ ಮೊದಲು ತಡೆ ಇಳಿಯುತ್ತದೆ. ನೀರು ಆವಿಯಾಗಿ ಒಣಗತೊಡಗಿದಂತೆ ಏರುತ್ತದೆ. ಆ ಏರಿಕೆ ಒಂದು ಹದಕ್ಕೆ ಬಂದಾಗ ಯಂತ್ರ ತಾನೇ ವಿದ್ಯುತ್ ಕಡಿದು ಸದ್ದು ಮಾಡುತ್ತದೆ. ಒಬ್ಬಟ್ಟು ಕಾವಲಿಯ ಮೇಲೆ ಒಣಗುವ ಮೊದಲೇ ತೆಗೆಯಬೇಕಾದ ಹದ ಇದು: ಸ್ವಲ್ಪ ಮೊದಲಾದರೆ ಬೆಸುಗೆ ಹಿಡಿಯುವುದಿಲ್ಲ, ಸ್ವಲ್ಪ ತಡವಾದರೆ ಸುಟ್ಟು ಸೀಯುತ್ತದೆ. ‘ರೋಬಾಟ್ ಶಸ್ತ್ರಚಿಕಿತ್ಸೆ’ ಎಂದು ಪತ್ರಿಕೆಯಲ್ಲಿ ಸುದ್ದಿಯಾಗುವ ಡ ವಿಂಚಿ ಯಂತ್ರದಲ್ಲಿ ಪ್ರತಿ ಚಲನೆಯೂ ಪಕ್ಕದಲ್ಲಿ ಕುಳಿತ ವೈದ್ಯರ ಬೆರಳಿನದೇ. ನಿಜವಾಗಿ ತಾನೇ ನಿರ್ಧಾರ ಕೈಗೊಳ್ಳುತ್ತಿರುವುದು ಈ ಇಕ್ಕಳಕ್ಕೆ ವಿದ್ಯುತ್ ಕೊಡುವ, ಮೂಲೆಯಲ್ಲಿರುವ ಪೆಟ್ಟಿಗೆ.

ಡ ವಿಂಚಿಗೆ ಅಮೆರಿಕದಲ್ಲಿ 2000ದಲ್ಲೇ ಅನುಮತಿ ಸಿಕ್ಕಿದ್ದರೂ, ಬಲವನ್ನು ವೈದ್ಯರ ಕೈಗೆ ಮರಳಿಸುವ ಉಪಕರಣಗಳು ಬಂದದ್ದು 2024ರ ಮಾದರಿಯಲ್ಲಿ. ಇಷ್ಟು ತಡವಾಗಲು ಕಾರಣಗಳಿವೆ. ಸಂವೇದಕವನ್ನು ಎಲ್ಲಿ ಕೂರಿಸಬೇಕೆಂಬುದೇ ದೊಡ್ಡ ಪ್ರಶ್ನೆ. ಹೊಟ್ಟೆಯ ಹೊರಗೆ, ಹಿಡಿಯ ಕಡೆ ಕೂರಿಸಿದರೆ ಜಾಗ ಬೇಕಾದಷ್ಟಿದೆ, ಆದರೆ ಉಪಕರಣ ಒಳಹೋಗುವ ಕೊಳವೆಯ ಉಜ್ಜಾಟವೂ ಹೊಟ್ಟೆಯ ಗೋಡೆಯ ಒತ್ತಡವೂ ಅಳತೆಯೊಳಗೆ ಬೆರೆಯುತ್ತವೆ. ತುದಿಯಲ್ಲಿ ಕರುಳನ್ನು ಹಿಡಿದ ನಾಜೂಕು ಬಲ ಆ ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ತುದಿಯಲ್ಲೇ ಕೂರಿಸಿದರೆ ಕೆಲವೇ ಮಿಲಿಮೀಟರ್ ದಪ್ಪದ ಕಡ್ಡಿಯೊಳಗೆ ತಂತಿ, ಗೇಜ್, ಅಂಟು ಎಲ್ಲವೂ ಹಿಡಿಸಬೇಕು, ರಕ್ತದಲ್ಲಿ ನೆನೆಯಬೇಕು, ಪಕ್ಕದಲ್ಲೇ ಹರಿಯುವ ವಿದ್ಯುತ್ ಚಾಕುವಿನ ಗದ್ದಲವನ್ನು ತಡೆಯಬೇಕು. ಇದಾದ ಮೇಲೆ ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನ 134 ಡಿಗ್ರಿ ಹಬೆಯಲ್ಲಿ ಮತ್ತೆ ಮತ್ತೆ ಬೆಂದು ಬರಬೇಕು. ಪ್ರತಿ ಬಾರಿಯೂ ಗೇಜ್ ಹಿಡಿದಿರುವ ಅಂಟು ಒಂದಿಷ್ಟು ಸಡಿಲವಾಗಿ ಸೊನ್ನೆಯ ಜಾಗವೇ ಸರಿಯುತ್ತದೆ. ತರಕಾರಿ ಅಂಗಡಿಯವರು ತಟ್ಟೆಯನ್ನಿಟ್ಟು ಮೊದಲು ತಕ್ಕಡಿಯನ್ನು ಸೊನ್ನೆಗೆ ತರುವಂತೆ, ಏನನ್ನೂ ಮುಟ್ಟದಿರುವಾಗ ಉಪಕರಣವನ್ನು ಸೊನ್ನೆಗೆ ತರುವ ಹೆಜ್ಜೆ ಪ್ರತಿ ಶಸ್ತ್ರಚಿಕಿತ್ಸೆಯಲ್ಲೂ ಬೇಕಾಗುವುದು ಇದಕ್ಕೇ.

ಮೂಳೆಗಿಂತ ಮೆದು ಅಂಗಾಂಶ ಬಹಳ ಕಠಿಣ. ಮೂಳೆಯ ನಕ್ಷೆಯನ್ನು ಬೆಳಿಗ್ಗೆ ತೆಗೆದರೆ ಮಧ್ಯಾಹ್ನಕ್ಕೂ ಸಲ್ಲುತ್ತದೆ. ತಲೆಬುರುಡೆ ತೆರೆದ ಮೇಲೆ ಮಿದುಳು ಕೆಲವೊಮ್ಮೆ ಒಂದು ಸೆಂಟಿಮೀಟರ್‌ನಷ್ಟು ಕುಗ್ಗಿ ಸರಿಯುತ್ತದೆ. ಕರುಳಂತೂ ಮುಟ್ಟಿದರೆ ಜಾರುತ್ತದೆ. ಅಮೆರಿಕದ ಸಂಶೋಧಕರು ಸ್ಟಾರ್ ಎಂಬ ಯಂತ್ರದಿಂದ ಹಂದಿಯ ಕರುಳಿನ ಎರಡು ತುದಿಗಳನ್ನು ಹೊಲಿಸಿದ್ದು 2016ರಲ್ಲಿ. ಅಂಗಾಂಶದ ಮೇಲೆ ಹೊಳೆಯುವ ಗುರುತುಗಳನ್ನಿಟ್ಟು, ಅವು ಸರಿದಾಡುವುದನ್ನು ಅವಕೆಂಪು ಕ್ಯಾಮೆರಾದಿಂದ ನೋಡುತ್ತಾ, ನಕ್ಷೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆದುಕೊಳ್ಳಬೇಕಾಯಿತು. 2022ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ತಂಡ ಅದನ್ನೇ ಕಿರುರಂಧ್ರದ ಮೂಲಕ ಮಾಡಿ ತೋರಿಸಿತು, ಅದೂ ಹಂದಿಗಳಲ್ಲಿಯೇ.

ಸಂವೇದಕ ಎಷ್ಟೇ ನಿಖರವಾಗಿರಲಿ, ತಡವಾಗಿ ಹೇಳಿದರೆ ಪ್ರಯೋಜನವಿಲ್ಲ. ಡ್ರಿಲ್ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಮುಂದುವರಿಯುತ್ತಿದ್ದು, ಅಳೆದು, ಲೆಕ್ಕ ಹಾಕಿ, ಮೋಟಾರ್ ನಿಲ್ಲಿಸಲು ಸೆಕೆಂಡಿನ ಹತ್ತನೇ ಒಂದು ಪಾಲು ಹಿಡಿದರೆ, ಅಷ್ಟರಲ್ಲಿ ತುದಿ 0.05 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಮನುಷ್ಯರ ಪ್ರತಿಕ್ರಿಯೆಗೆ ಸುಮಾರು 0.2 ಸೆಕೆಂಡ್ ಬೇಕು. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಒತ್ತುತ್ತಿರುವ ತೋಳಿನ ಎದುರಿದ್ದ ತಡೆ ದಿಢೀರನೆ ಮಾಯವಾದಾಗ ಕೈ ಮುಂದಕ್ಕೆ ಮುಗ್ಗರಿಸುತ್ತದೆ. ಗೋಡೆಗೆ ಮೊಳೆಯ ತೂತು ಕೊರೆಯುವಾಗ ಇಟ್ಟಿಗೆ ಮುಗಿದು ಡ್ರಿಲ್ ಒಳಕ್ಕೆ ನುಗ್ಗುವ ಅನುಭವ ಬಹಳ ಮಂದಿಗೆ ಇದೆ. ಯಂತ್ರ ಬಲದಿಂದ ಒತ್ತುವ ಬದಲು ಇಂತಿಷ್ಟೇ ದೂರ ಎಂದು ಚಲಿಸುವುದರಿಂದ ಈ ಮುಗ್ಗರಿಕೆ ಅದಕ್ಕಿಲ್ಲ. ಹಾಗಿದ್ದರೂ ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ವೈದ್ಯರ ಕಾಲಡಿ ಒಂದು ಪೆಡಲ್ ಇರುತ್ತದೆ: ಒತ್ತಿಹಿಡಿದಷ್ಟು ಹೊತ್ತು ಮಾತ್ರ ಚಲನೆ, ಕಾಲು ತೆಗೆದರೆ ನಿಲುಗಡೆ.

ಕೊಳವೆ ಕೊರೆದಾದ ಮೇಲೆ ವಿದ್ಯುದ್ವಾರವನ್ನು ಕಾಕ್ಲಿಯಾದೊಳಕ್ಕೆ ತೂರಿಸುವ ಹಂತ ಉಳಿಯುತ್ತದೆ. ಬರ್ನ್‌ನಲ್ಲಿ ಅದನ್ನು ಕೈಯಿಂದಲೇ ಮಾಡಿದರು. ಅಷ್ಟು ನಿಧಾನವಾಗಿ, ನಡುಗದೆ, ನಿಲ್ಲದೆ ತಳ್ಳುವುದು ಕೈಗೆ ಕಷ್ಟವಾದ್ದರಿಂದ, ಸೆಕೆಂಡಿಗೆ 0.1 ಮಿಲಿಮೀಟರ್ ವೇಗದಲ್ಲಿ ತಳ್ಳುವ ಪುಟ್ಟ ಮೋಟಾರುಗಳು ಈಗ ಬಂದಿವೆ. 25 ಮಿಲಿಮೀಟರ್ ಉದ್ದದ ಎಳೆ ಪೂರ್ತಿ ಒಳಹೋಗಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನಲ್ಲಿ ರೋಗಿಯ ಕಿವಿಗೆ ಒಂದು ಇಯರ್‌ಫೋನ್ ಇಟ್ಟು ಟಕ್ ಟಕ್ ಎಂಬ ಸದ್ದನ್ನೋ ಒಂದೇ ಸ್ವರವನ್ನೋ ನುಡಿಸುತ್ತಿರುತ್ತಾರೆ. ಅರಿವಳಿಕೆಯಲ್ಲಿ ಮಲಗಿದ್ದರೂ ಕಾಕ್ಲಿಯಾದಲ್ಲಿ ಉಳಿದಿರುವ ಕೆಲವು ರೋಮಕೋಶಗಳು, ಅಂದರೆ ಸದ್ದನ್ನು ಗ್ರಹಿಸುವ ಕೋಶಗಳು, ಆ ಸದ್ದಿಗೆ ವಿದ್ಯುತ್ತಿನಲ್ಲಿ ಉತ್ತರ ಕೊಡುತ್ತವೆ. ಆ ಉತ್ತರವನ್ನು ಹಿಡಿಯುವುದು ಬೇರೆ ಯಾವ ಸಂವೇದಕವೂ ಅಲ್ಲ, ಒಳಹೋಗುತ್ತಿರುವ ಇಂಪ್ಲಾಂಟ್‌ನ ತುದಿಯೇ. ಪರದೆಯ ಮೇಲಿನ ಅಲೆ ಏರುತ್ತಾ ಹೋದರೆ ಮುಂದುವರಿಯುತ್ತಾರೆ. ಅದು ಹಠಾತ್ತಾಗಿ ಕುಸಿದರೆ ತುದಿ ಒಳಗಿನ ಯಾವುದೋ ಪೊರೆಯನ್ನು ಒತ್ತುತ್ತಿರಬಹುದೆಂದು ಭಾವಿಸಿ, ಅಲ್ಲಿಗೇ ನಿಲ್ಲಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತೆಗೆದು, ಅಲೆ ಮತ್ತೆ ಏಳುತ್ತದೆಯೇ ಎಂದು ಕಾಯುತ್ತಾರೆ.